ಓದಲು ಬಾರದ ಮಾವ ಮತ್ತು ಮೂರು ತಲೆಕಟ್ಟು

ನನ್ನ ಸೋದರಮಾವನಿಗೆ ಓದಲು ಬರುವುದಿಲ್ಲ. ಹಾಗಂತ ಹೆಬ್ಬೆಟ್ಟಿನವರು ಅಂದುಕೊಳ್ಳಬೇಡಿ ಮತ್ತೆ! ಕೋರ್ಟಿಗೆ ಬರುವ ಸಹಿಗಳಲ್ಲಿ ಖರೇ ಯಾವುದು, ಖೊಟ್ಟಿ ಯಾವುದು ಎಂದು ಹೇಳುವುದರಲ್ಲೇ ಆಯುಷ್ಯ ಕಳೆದ ಹಸ್ತಾಕ್ಷರ ತಜ್ಞರು ಅವರು. ಅಕ್ಷರ ನೋಡಿ ನೋಡಿ, ಅದರ ಅರ್ಥ ನೋಡುವ ರೂಢಿಯೇ ತಪ್ಪಿಹೋಗಿದೆ.

ನನ್ನ ಮದುವೆಯ ಕಾರ್ಡು ವಡಗಾವಿಯ ಅವರ ಮನೆ ಮುಟ್ಟಿದ ದಿನ ಫೋನು ಬಂತು. "ವಿಳಾಸ ನಿಮ್ಮಪ್ಪ ಬರದಿದ್ದಲ್ಲ ಬಿಡು. ಯಾರೋ ನಿಂತು, ಗ್ವಾಡಿಗೆ ಹಚ್ಚಿ ಬರದಾರ. ಪೆನ್ನು ಎರಡು ಸಲ ಕೈ ಕೊಟ್ಟೈತಿ."

ಅಬ್ಬಾ! ಗೋಡೆಗೆ ಒತ್ತಿ ಬರೆದವಳು ನಾನೇ. ಎಂಥಾ ಕಣ್ಣಪ್ಪಾ ಇವು ಎಂದು ಬೆರಗಾದೆ. ಮದುವೆಗೆ ಮಾತ್ರ ಮಾವ ಒಂದು ದಿನ ತಡವಾಗಿ ಬಂದರು. ಒಳಗಿನ ತಾರೀಖು ಓದುವವರು ಯಾರು?

ಇಂಥವರ ಮುಂದೆ ಹೋದ ವರ್ಷ ನಮ್ಮ ಗಂಗವ್ವತ್ತೆಯ ಪ್ರಕರಣ ಬಂತು. ಅತ್ತೆ ನನ್ನಪ್ಪನ ತಂಗಿ, ಖಾನಾಪುರದಾಕೆ. ಗಂಡ ತೀರಿಕೊಂಡ ಮೇಲೆ ಮೈದುನ ಒಂದು ಪತ್ರ ಹೊರತೆಗೆದ. ಮನೆಯಲ್ಲಿ ತನ್ನ ಪಾಲು ಬೇಡವೆಂದು ಅತ್ತೆಯೇ ಬರೆದುಕೊಟ್ಟ ಪತ್ರವಂತೆ! ಕೆಳಗೆ 'ಗಂಗವ್ವ' ಎಂಬ ಸಹಿ.

"ಸಹಿ ನಂದ ಐತಿ. ಮಾಡಿದ್ದು ಮಾತ್ರ ನೆಪ್ಪಿಲ್ಲ" ಎಂದು ಅತ್ತೆ ಕುಸಿದು ಕುಳಿತಳು.

ಮಗ ಸಮಾಧಾನ ಹೇಳಲು ಹೋಗಿ ಗಾಯಕ್ಕೆ ಉಪ್ಪು ಸವರಿದ. "ಮರತಿರಬೇಕು ಬಿಡವ್ವಾ. ಮೊನ್ನೆ ಹಾಲು ಉಕ್ಕಿದ್ದೂ ನಿನಗ ಗೊತ್ತಾಗಲಿಲ್ಲ."

ಅಂದಿನಿಂದ ಅತ್ತೆ ಮನೆಯ ಚಿಂತೆ ಬಿಟ್ಟು ತಲೆಯ ಚಿಂತೆ ಹಚ್ಚಿಕೊಂಡಳು. "ನನಗ ಹುಚ್ಚು ಹಿಡಿಯಾಕ ಹತ್ತೈತೇನ?" ಎಂದು ಬಂದವರನ್ನೆಲ್ಲ ಕೇಳುವಳು. 

ನಾನು ಆ ಪತ್ರದ ಜೆರಾಕ್ಸ್ ಒಯ್ದರೆ ಮಾವ ಮುಟ್ಟಲೂ ಇಲ್ಲ. "ಇದರಾಗ ಶಾಯಿ ಇಲ್ಲ, ಕೈಯ ಒತ್ತು ಇಲ್ಲ. ಮಶಿನ್ನಿನ ಕರೀ ಪುಡಿ ನೋಡಿ ಏನ ಹೇಳ್ಲಿ? ನಡಿ ಖಾನಾಪುರಕ್ಕ!" ಬಸ್ಸಿನಲ್ಲಿ ಸೂಕ್ಷ್ಮದರ್ಶಕದ ಪೆಟ್ಟಿಗೆಯನ್ನು ಕಿಟಕಿ ಬಾಜು ಕೂರಿಸಿ, ತಾವು ನಿಂತರು! ಕಂಡಕ್ಟರ್ ನಕ್ಕು, "ಅಜ್ಜಾರ, ಅದಕ್ಕೊಂದು ಹಾಫ್ ಟಿಕೆಟ್ ತಗೋರಿ" ಎಂದ. ಮಾವ ಗಂಭೀರವಾಗಿ ಪೂರ್ತಿ ಟಿಕೆಟ್ಟೇ ತೆಗೆದರು.

ಮೂಲಪತ್ರ ವಕೀಲರ ಕೋಣೆಯಲ್ಲಿತ್ತು. ಮೈದುನನೂ ಬಂದಿದ್ದ. ಹೋಲಿಸಿ ನೋಡಲೆಂದು ಅತ್ತೆ ಮಹಿಳಾ ಸಂಘದ ಹಾಜರಿ ಪುಸ್ತಕ ತಂದಿದ್ದಳು. ಅದರ ತುಂಬ ಅವಳ ಸಹಿ. ಮಾವ ಅವಳಿಂದ ಇಪ್ಪತ್ತು ಸಲ ಹೆಸರು ಬರೆಸಿದರು. ಹಾಳೆ ನೋಡಲಿಲ್ಲ, ಬರೆಯುವ ಕೈಯನ್ನೇ ನೋಡುತ್ತ ಕುಳಿತರು. ಆಮೇಲೆ ಪತ್ರವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಬಗ್ಗಿದವರು ಏಳಲೇ ಇಲ್ಲ. ಇವರಿಗೇನು ನಿದ್ದೆ ಹತ್ತಿತೇ ಎಂದು ನನಗೆ ಅನುಮಾನ!

"ಯಾವ ಸಾಲಿ ಕಲ್ತೀದಿ, ತಂಗೀ?"

"ಮರಾಠಿ ಸಾಲಿ ರೀ ಅಣ್ಣಾರ. ಕನ್ನಡ ಬರಿಯೂದು ಮನ್ಯಾಗ ಕಲ್ತೆ."

ಮಾವನ ಮುಖ ಅರಳಿತು. ಮರಾಠಿಯಲ್ಲಿ ಮೊದಲು ಅಕ್ಷರಗಳನ್ನೆಲ್ಲ ಬರೆದು, ಕೊನೆಗೆ ಮೇಲೆ ಗೆರೆ ಎಳೆಯುತ್ತಾರಲ್ಲ? ಅತ್ತೆ ಕನ್ನಡವನ್ನೂ ಹಾಗೇ ಬರೆಯುತ್ತಿದ್ದಳು! ಮೊದಲು ಬೋಳು ಅಕ್ಷರಗಳು. ಆಮೇಲೆ ಟಕ್, ಟಕ್, ಟಕ್ ಎಂದು ಮೂರು ತಲೆಕಟ್ಟು. ಒಂದು ತಲೆಕಟ್ಟಿನ ಬಾಲ ಮುಂದಿನ ತಲೆಕಟ್ಟಿನ ಕಡೆಗೇ ಓಡಿರುತ್ತಿತ್ತು. ಹಾಜರಿ ಪುಸ್ತಕದ ತುಂಬ ಹೀಗೆಯೇ. ಪತ್ರದಲ್ಲಿ ಮಾತ್ರ ಒಂದೊಂದು ತಲೆಕಟ್ಟು ಮುಗಿದೊಡನೆ ಪೆನ್ನು ಕೆಳಗಿಳಿದು ಮುಂದಿನ ಅಕ್ಷರಕ್ಕೆ ಹೋಗಿತ್ತು. ಇಷ್ಟು ವರ್ಷ ಅವಳ ಜೊತೆಗಿದ್ದ ನಮಗಾರಿಗೂ ಕಾಣದ್ದು ಈ ಮಹಾನುಭಾವನಿಗೆ ಒಂದೇ ಮಧ್ಯಾಹ್ನದಲ್ಲಿ ಕಂಡಿತ್ತು. ಕೈ ಮುಗಿಯಬೇಕೆನ್ನಿಸಿತು.

"ನಕಲು ಥೇಟ್ ಮಾಡ್ಯಾನ. ಆದರ ಇದನ್ನ ಬರದಾಂವಗ ಕಲಿಸಿದ ಮಾಸ್ತರ ಬ್ಯಾರೆ!" ಎಂದರು ಮಾವ.

ಮೈದುನನ ಮೋರೆ ಸಪ್ಪಗಾಯಿತು. ವಕೀಲರು ಕೋರ್ಟು, ದಾವೆ ಎಂದು ಶುರು ಮಾಡಿದರು. ಅತ್ತೆಗೆ ಅದಾವುದೂ ಕೇಳಿಸಲಿಲ್ಲ.

"ಅಣ್ಣಾರ, ಅಂದ್ರ... ನಾ ಮರತಿಲ್ಲ?"

"ಮರೀಬೇಕಂದ್ರ ನೀ ಮೊದಲ ಬರದಿರಬೇಕಲ್ಲವ್ವಾ!"

ಅತ್ತೆ ಎಲ್ಲರ ಎದುರು ಬಿಕ್ಕಿ ಬಿಕ್ಕಿ ಅತ್ತಳು. ಮಗ ತಲೆ ತಗ್ಗಿಸಿ ಅವಳ ಕೈ ಹಿಡಿದುಕೊಂಡ. ನನಗೂ ಕಣ್ಣು ತುಂಬಿ ಬಂತು. ಮನೆ ಉಳೀತಲ್ಲ, ಇನ್ಯಾಕ ಅಳ್ತೀ ಎಂದು ನಾನು ಕೇಳಿದರೆ ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡಳು.

"ಮನಿ ಹೋದ್ರ ಹೋಗ್ಲಿ ಬಿಡವಾ. ನನಗ ನಾನು ಸಿಕ್ಕೆನಲ್ಲ!"