ಜರಡಿಯಲ್ಲಿ ಸೋಸಿದ ಹಾಡು

ಮನೆಯಲ್ಲಿ ಸ್ಪೀಕರ್ ಕಟ್ಟುವವನಿಗೆ ನಗೆಪ್ರಸಂಗ ಎಷ್ಟು ಆಗಿವೆ ಎಂದು ಕೇಳಬಾರದು. ಸ್ಪೀಕರ್ ಎಷ್ಟು ಸಲ ನೆಟ್ಟಗೆ ಹಾಡಿತು ಎಂದು ಕೇಳಬೇಕು. ಉಳಿದದ್ದೆಲ್ಲ ನಗೆಪ್ರಸಂಗವೇ.

ನಾನು ಭೌತಶಾಸ್ತ್ರದ ಬಿ.ಎಸ್ಸಿ. ಮನೆ ರಾಣೆಬೆನ್ನೂರಿನಲ್ಲಿ. ಕೆಲಸ ಬ್ಯಾಡಗಿಯ ಒಂದು ಕೋಲ್ಡ್ ಸ್ಟೋರೇಜಿನ ಲ್ಯಾಬಿನಲ್ಲಿ, ಮೆಣಸಿನಕಾಯಿಯ ಬಣ್ಣ ಮತ್ತು ತೇವ ಪರೀಕ್ಷಿಸುವುದು. ಅಪ್ಪ ಹಾವೇರಿಯ ಕೋರ್ಟಿನ ಎದುರು ಅರ್ಜಿ ಟೈಪ್ ಮಾಡುವ ಅಂಗಡಿ ಇಟ್ಟಿದ್ದಾರೆ. ಅವ್ವ ಓಣಿಯ ಭಜನಾ ಮಂಡಳಿಯಲ್ಲಿ ಮುಂದೆ ಕೂತು ಹಾಡುತ್ತಿದ್ದಳು.

ಈಗ ಹಾಡುತ್ತಿರಲಿಲ್ಲ. ಮಂಡಳಿಯಲ್ಲಿ ಯಾರೋ ಅವಳ ಹಾಡನ್ನು ಫೋನಿನಲ್ಲಿ ಹಿಡಿದು ವಾಟ್ಸಾಪ್ ಗುಂಪಿಗೆ ಹಾಕಿದರು. ಅವ್ವ ಕೇಳಿದಳು.

"ಇದು ನನ್ನ ಧ್ವನಿ? ತಗಡು ಬಡದಂಗ ಐತಲ್ಲೋ! ಇಷ್ಟು ವರ್ಷ ಮಂದಿ ಹೆಂಗ ತಡಕೊಂಡಾರ?"

ಮರುವಾರದಿಂದ ಮೊಣಕಾಲು ನೋವು ಎಂದು ಹೇಳಿ ಭಜನೆ ಬಿಟ್ಟಳು. ಸಂತೆಗೆ ಮಾತ್ರ ಅದೇ ಮೊಣಕಾಲಿನಲ್ಲಿ ನಡೆದು ಹೋಗುತ್ತಿದ್ದಳು. ಹಾಡಿನ ಮಾತು ಬಂದರೆ ಹಲಗೇರಿಯಲ್ಲಿರುವ ತನ್ನ ಅಕ್ಕನನ್ನು ನೆನೆಯುವಳು. "ಧ್ವನಿ ಅಂದ್ರ ಆಕೀದು. ಬೆಲ್ಲ!"

ತಪ್ಪು ಗಂಟಲಿನದಲ್ಲ, ಅಂಗಿಯ ಗುಂಡಿಯಷ್ಟಿರುವ ಫೋನಿನ ಸ್ಪೀಕರಿನದು ಎಂದು ನಾನು ಹೇಳಿದೆ.

"ಸಾಕ್ಷಿ?" ಎಂದರು ಅಪ್ಪ. ಕೋರ್ಟಿನ ಎದುರು ಕೂತವರಿಗೆ ಬೇರೆ ಪ್ರಶ್ನೆ ಬರುವುದಿಲ್ಲ.

ಸಾಕ್ಷಿ ಕಟ್ಟಲು ಕುಳಿತೆ. ಮನುಷ್ಯರ ಧ್ವನಿಯನ್ನು ಇದ್ದ ಹಾಗೆ ಹೇಳುವುದರಲ್ಲಿ ಎಲೆಕ್ಟ್ರೋಸ್ಟ್ಯಾಟಿಕ್ ಸ್ಪೀಕರ್ ಮುಂದು ಎಂದು ಓದಿದ್ದೆ. ಅದಕ್ಕೆ ಡಬ್ಬಿ ಇಲ್ಲ, ಕಾಗದದ ಕೋನ್ ಇಲ್ಲ. ತೂತುತೂತಾದ ಎರಡು ಲೋಹದ ಹಾಳೆ, ನಡುವೆ ಕೂದಲಿಗಿಂತ ತೆಳುವಾದ ಪ್ಲಾಸ್ಟಿಕ್ ಪರದೆ, ಪರದೆಗೆ ಸಾವಿರಾರು ವೋಲ್ಟ್. ಹಾಡಿಗೆ ತಕ್ಕಂತೆ ಪರದೆ ನಡುಗುತ್ತದೆ, ಅದರ ಜೊತೆ ಗಾಳಿಯೂ ನಡುಗುತ್ತದೆ. ನೋಡಲು ಬಾಗಿಲಿನಷ್ಟು ಎತ್ತರ. ಅಪ್ಪ ಅದಕ್ಕೆ ‘ಕರೆಂಟಿನ ಕಿಟಕಿ’ ಎಂದು ಹೆಸರಿಟ್ಟರು.

ಸೌಂಡಿನ ಸೈಜು

ತೂತಿನ ಹಾಳೆ ಎಲ್ಲಿ ಸಿಗುತ್ತದೆ? ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ಬೀಜ ಬೇರೆ ಮಾಡುವ ಯಂತ್ರಗಳಿಗೆ ಜರಡಿ ಮಾಡುವ ಅಂಗಡಿ ಇದೆ. ಹೋಗಿ ಹಾಳೆಯ ಅಳತೆ ಹೇಳಿದೆ.

"ತೂತು ಎಷ್ಟು ದೊಡ್ಡದು ಬೇಕ್ರಿ? ಬೀಜ ಇಳೀಬೇಕೋ, ಬರೇ ಧೂಳ ಇಳೀಬೇಕೋ?" ಎಂದ ಅಂಗಡಿಯವ.

"ಸೌಂಡ್ ಇಳೀಬೇಕ್ರಿ."

ಅವನು ನಗಲಿಲ್ಲ. ಗಿರಾಕಿಯ ಮಾಲು ಯಾವುದಾದರೇನು, ಅಳತೆ ಮುಖ್ಯ. "ಸೌಂಡ್ ಏನು ಸೈಜ್ ಇರತೈತ್ರಿ?"

ಇದಕ್ಕೆ ನನ್ನ ಹತ್ತಿರ ಉತ್ತರವಿತ್ತು. ಉತ್ತರ ಇದ್ದಾಗ ಸುಮ್ಮನಿರುವುದು ನನಗೆ ಬರುವುದಿಲ್ಲ. ಅಲೆಗಳ ಲೆಕ್ಕ ಹಾಕಿ ಹೇಳಿದೆ: "ಸಣ್ಣದು ಬೆರಳಿನ ಗೆಣ್ಣಿನಷ್ಟು. ದೊಡ್ಡದು ನಿಮ್ಮ ಅಂಗಡಿಗಿಂತ ಉದ್ದ."

ಅವನು ಹಾಳೆಯನ್ನೊಮ್ಮೆ ನೋಡಿದ, ಅಂಗಡಿಯನ್ನೊಮ್ಮೆ ನೋಡಿದ, ಕೊನೆಗೆ ನನ್ನನ್ನು ನೋಡಿದ.

"ಹಂಗಾರ ಈ ಜರಡಿ ನಿಮಗ ಆಗಂಗಿಲ್ರಿ. ಅಂಗಡಿಗಿಂತ ದೊಡ್ಡ ಮಾಲು ಇದರಾಗ ಹೆಂಗ ಇಳೀತೈತಿ? ಮೊದಲು ಕುಟ್ಟಿಸಿಕೊಂಡು ಬರ್ರಿ."

ಖಾಲಿ ಕುರ್ಚಿ

ಕುಟ್ಟಿಸದೆಯೇ ಆ ಜರಡಿಯ ಹಾಳೆಗಳನ್ನು ಕೊಂಡು ತಂದೆ. ಮೊದಲ ವಿನ್ಯಾಸ ಸಪಾಟಾದದ್ದು. ಸಪಾಟು ಹಾಳೆಯಿಂದ ಧ್ವನಿ ಬ್ಯಾಟರಿಯ ಬೆಳಕಿನಂತೆ ನೇರ ಹೋಗುತ್ತದೆ. ಎದುರಿನ ಒಂದು ಕುರ್ಚಿಯಲ್ಲಿ ಕೂತವನಿಗೆ ಸ್ವರ್ಗ, ಪಕ್ಕದವನಿಗೆ ಪಿಸುಮಾತು.

ಭಾನುವಾರ ಎದುರು ಮನೆಯ ನಿವೃತ್ತ ಮಾಸ್ತರು ಹೆಂಡತಿಯೊಂದಿಗೆ ಬಂದರು. ನಾನು ಕುರ್ಚಿ ತೋರಿಸಿ, ಇದರಲ್ಲಿ ಕೂತವರಿಗೆ ಮಾತ್ರ ಸರಿಯಾಗಿ ಕೇಳುತ್ತದೆ ಎಂದು ವಿವರಿಸಿ ಹಾಡು ಹಚ್ಚಿದೆ. ವಿವರಿಸಿದ್ದೇ ತಪ್ಪಾಯಿತು. ಅದು ಮನೆಯ ಒಳ್ಳೆಯ ಕುರ್ಚಿ ಎಂದು ಎಲ್ಲರಿಗೂ ಗೊತ್ತಾಯಿತು.

"ಕುಂದರ್ರಿ ಮಾಸ್ತರ," ಎಂದರು ಅಪ್ಪ.

"ಏ, ಮನಿ ಯಜಮಾನ್ರು ನೀವು. ನೀವು ಕುಂದರ್ರಿ."

"ಮಾಸ್ತರನ್ನ ನಿಂದರಿಸಿ ನಾ ಕುಂದರೋದೇನ್ರಿ? ಛೇ ಛೇ!"

"ಹಂಗಾರ ಅಕ್ಕಾರು ಕುಂದರಲಿ," ಎಂದು ಮಾಸ್ತರು ಅವ್ವನನ್ನು ತೋರಿಸಿದರು. ಅವ್ವ ಮಾಸ್ತರ ಹೆಂಡತಿಯ ಕೈ ಹಿಡಿದು ಎಳೆದಳು. ಅವರು ಕೈ ಬಿಡಿಸಿಕೊಂಡು, "ನನಗ ಚಾಪೀನ ಆರಾಮ," ಎಂದು ಮೂಲೆ ಸೇರಿದರು. ಅಪ್ಪ ಮಾಸ್ತರ ಹೆಗಲಿಗೆ ಕೈ ಹಾಕಿ ಒತ್ತಿದರು, ಮಾಸ್ತರು ಅಪ್ಪನ ತೋಳು ಹಿಡಿದು ಜಗ್ಗಿದರು. ಅಷ್ಟರಲ್ಲಿ ಹಾಡು ಮುಗಿಯಿತು. ಪೂರ್ತಿ ಕೇಳಿದ್ದು ಖಾಲಿ ಕುರ್ಚಿ ಒಂದೇ.

ಮಾಸ್ತರು ಹೋಗುವಾಗ ಬೆನ್ನು ತಟ್ಟಿದರು. "ಭಾಳ ಛಲೋ ಮಾಡೀಪಾ. ಮಾತಾಡೋರಿಗೆ ಏನೂ ತ್ರಾಸ ಇಲ್ಲ."

ಧ್ವನಿಶಾಸ್ತ್ರದ ಪುಸ್ತಕಗಳಲ್ಲಿ ಮರ್ಯಾದೆಗೆ ಒಂದು ಅಧ್ಯಾಯ ಇಲ್ಲ. ಹಾಳೆಗಳನ್ನು ಬಿಲ್ಲಿನಂತೆ ಬಗ್ಗಿಸಿ ಎರಡನೆಯ ವಿನ್ಯಾಸ ಮಾಡಿದೆ. ಧ್ವನಿ ಹರಡಿಕೊಂಡಿತು. ಇಡೀ ಸೋಫಾಕ್ಕೆ ಸ್ವರ್ಗ ಸಿಕ್ಕಿತು.

ಘಾಟು

ಹಾವೇರಿಯಲ್ಲಿ ನನ್ನ ಗೆಳೆಯನೊಬ್ಬ ಕಾಲೇಜಿನ ಲ್ಯಾಬಿನಲ್ಲಿದ್ದಾನೆ. ಅವನಿಗೂ ಇದೇ ರೋಗ. ಅವನದು ಮಿಶ್ರ ವಿನ್ಯಾಸ, ಮೇಲೆ ಪರದೆ, ಕೆಳಗೆ ದಪ್ಪ ಸದ್ದಿಗೆ ಮಾಮೂಲಿ ಡಬ್ಬಿ. ಹೋಲಿಸಿ ನೋಡೋಣ ಎಂದು ಅದನ್ನು ಹೊತ್ತುಕೊಂಡು ಬಂದ. ಒಂದೇ ಹಾಡು, ಒಂದೇ ಎತ್ತರದ ಸದ್ದು, ನಡುವೆ ತಂತಿ ಬದಲಾಯಿಸುವುದು. ಹೆಣ್ಣುಧ್ವನಿಯಲ್ಲಿ ನನ್ನದು ಮುಂದೆ ಎಂದು ಅವನೇ ಒಪ್ಪಿದ.

"ಆದರ ಡೊಳ್ಳು? ನಿನ್ನ ಕಿಟಕಿಯೊಳಗ ಡೊಳ್ಳು ಕೇಳಂಗಿಲ್ಲ ಬಿಡಪಾ," ಎಂದು ಅವನು ಡೊಳ್ಳಿನ ಹಾಡು ಹಚ್ಚಿ ಸದ್ದು ಏರಿಸಿದ.

ವಿದ್ಯುತ್ತು ತುಂಬಿದ ಪರದೆ ಧೂಳನ್ನು ಎಳೆಯುತ್ತದೆ. ಇದು ನನಗೆ ಗೊತ್ತಿತ್ತು. ಯಾವ ಧೂಳು ಎಂದು ಯೋಚಿಸಿರಲಿಲ್ಲ. ಬ್ಯಾಡಗಿಯಿಂದ ಬಂದವನು ದಿನಾ ಲ್ಯಾಬಿನ ಕೋಟನ್ನು ಅದರ ಪಕ್ಕದ ಗೂಟಕ್ಕೇ ಹಾಕುತ್ತಿದ್ದೆ. ಡೊಳ್ಳಿನ ಪೆಟ್ಟಿಗೆ ಪರದೆ ಚಟಪಟ ಎಂದಿತು. ಒಂದು ತೆಳುವಾದ ಕೆಂಪು ಮೋಡ ಹೊರಟು ಸೀದಾ ಸೋಫಾಕ್ಕೆ ಬಂತು.

ಗೆಳೆಯ ಸೀನಿದ. ಮತ್ತೆ ಸೀನಿದ. ಅಪ್ಪ, ನಾನು ಸೇರಿಕೊಂಡೆವು. ಅಡುಗೆಮನೆಯಿಂದ ಅವ್ವ ಕಣ್ಣು ಒರೆಸಿಕೊಳ್ಳುತ್ತ ಬಂದಳು. "ನನ್ನ ಕಡೆ ನೋಡಬ್ಯಾಡ್ರಿ! ಒಗ್ಗರಣಿ ನಾ ಇನ್ನೂ ಹಾಕೇ ಇಲ್ಲ!"

ಗೆಳೆಯನ ಕಣ್ಣು ಮೂಗು ಎರಡೂ ಹರಿಯುತ್ತಿದ್ದವು. ಅಪ್ಪ ಕರವಸ್ತ್ರ ಕೊಟ್ಟು ಕೇಳಿದರು: "ಡೊಳ್ಳು ಕೇಳಂಗಿಲ್ಲ ಅಂದಿದ್ದೆಲ್ಲ, ಈಗೇನಂತಿ? ಮೂಗಿನ ತನಕ ಮುಟ್ಟೇತಿ!"

ಧೂಳಿಗೆ ತಡೆಯಾಗಿ ಅರಿವೆಯ ಹೊದಿಕೆ ಬೇಕಾಯಿತು. ಹೊಲಿಗೆ ಯಂತ್ರದ ಮುಂದೆ ಕೂತು ಅವ್ವ ಮೊದಲ ಸಲ ವಿಚಾರಿಸಿದಳು: "ಇದರಾಗ ಕೊನೀಗೆ ಯಾರ ಹಾಡು ಹಾಕಾಂವ?"

"ನಿಂದು."

ಅವ್ವ ಕೈಯಲ್ಲಿದ್ದ ತೆಳು ಸೀರೆಯನ್ನು ಕೆಳಗಿಟ್ಟಳು. "ತಡಿ ಹಂಗಾರ. ದಪ್ಪನ ಜಮಖಾನಿ ತರತೇನಿ."

ಹಾಲು

ತೆಳು ಸೀರೆಯಲ್ಲೇ ಹೊಲಿಸಿದೆ. ಉಳಿದದ್ದು ಹಾಡು. ಕೇಳಿದರೆ ಅವ್ವ ಹಾಡುವುದಿಲ್ಲ. ಆದರೆ ಬೆಳಿಗ್ಗೆ ರೊಟ್ಟಿ ಬಡಿಯುವಾಗ, ಯಾರೂ ಕೇಳುತ್ತಿಲ್ಲ ಎಂದುಕೊಂಡು ಗುನುಗುತ್ತಾಳೆ. ಗೆಳೆಯನಿಂದ ಒಳ್ಳೆಯ ಮೈಕು ತಂದು ಬೇಳೆಡಬ್ಬಿಗಳ ನಡುವೆ ಇಟ್ಟೆ. ಅಂದು ಗುನುಗು ಮೆಲ್ಲಗೆ ಏರಿ ಪೂರಾ ಹಾಡಾಯಿತು. ಹಾಡಿನ ನಂತರದ ಭಾಗವನ್ನು ಕತ್ತರಿಸಬೇಕಿತ್ತು. ಅದೊಂದು ಉಳಿದುಹೋಯಿತು.

ರಜೆಯ ದಿನ ಅವ್ವನನ್ನು ಸೋಫಾದಲ್ಲಿ ಕೂರಿಸಿದೆ. ಯಾರ ಹಾಡು ಎಂದು ಹೇಳಲಿಲ್ಲ. ಅಪ್ಪ ಬಾಗಿಲಲ್ಲಿ ನಿಂತರು. ಇದೂ ತಗಡಿನಂತೆ ಕೇಳಿದರೆ ಅವ್ವ ಇನ್ನು ಗುನುಗುವುದನ್ನೂ ಬಿಡುತ್ತಾಳೆ ಎಂದು ಇಬ್ಬರಿಗೂ ಗೊತ್ತಿತ್ತು. ಗುಂಡಿ ಒತ್ತಿದೆ.

ಪರದೆಯ ಹಿಂದೆ ಯಾರೋ ಬಂದು ನಿಂತು ಹಾಡಿದಂತಾಯಿತು. ಉಸಿರು ತೆಗೆದುಕೊಳ್ಳುವುದೂ ಕೇಳುತ್ತಿತ್ತು. ಅವ್ವನ ಮುಖ ಅರಳಿತು.

"ನಮ್ಮ ಅಕ್ಕ! ರೊಟ್ಟಿ ಬಡಕೋತ ಹಾಡಾಕತ್ತಾಳ. ನೀ ಹಲಗೇರಿಗೆ ಯಾವಾಗ ಹೋಗಿದ್ದೆಲೇ?"

ನಾನು ಬಾಯಿ ತೆರೆದೆ. ಅಪ್ಪ ಕೈ ಸನ್ನೆಯಲ್ಲಿ ತಡೆದರು.

"ಕೇಳ್ರಿ, ಇದಕ್ಕ ಧ್ವನಿ ಅಂತಾರ," ಎಂದಳು ಅವ್ವ. ಕಣ್ಣಲ್ಲಿ ನೀರಿತ್ತು, ಈ ಸಲ ಮೆಣಸಿನಕಾಯಿಯದಲ್ಲ. "ನಾನೂ ಅದೀನಿ, ತಗಡು."

ಹಾಡು ಮುಗಿಯಿತು. ಆಮೇಲೆ ಕರೆಂಟಿನ ಕಿಟಕಿ ಇಡೀ ಮನೆ ನಡುಗುವಂತೆ ಒದರಿತು:

"ಏ ಮಂಗ್ಯಾ! ಹಾಲು ಉಕ್ಕಾಕತ್ತಾವು! ಲಗೂ ಗ್ಯಾಸ್ ಬಂದ್ ಮಾಡ!"

ಅವ್ವ ಸೋಫಾದಿಂದ ಜಿಗಿದು ಅಡುಗೆಮನೆಗೆ ಓಡಿದಳು.

"ಮೊಣಕಾಲಿನ ಕೇಸೂ ಖಲಾಸ್," ಎಂದರು ಅಪ್ಪ.

ಒಳಗಿನಿಂದ ಕೂಗು ಬಂತು: "ಗ್ಯಾಸ್ ಹಚ್ಚೇ ಇಲ್ಲ! ಹಾಲು ಫ್ರಿಜ್ಜಿನಾಗ ಅದಾವು!" ಸ್ವಲ್ಪ ಹೊತ್ತಿಗೆ ಅವ್ವ ಬಾಗಿಲಿಗೆ ಬಂದು ಪರದೆಯನ್ನು ದಿಟ್ಟಿಸಿದಳು.

"ಒದರಿದಾಕಿ ಯಾರು?"

"ನೀನ."

"ಹಾಡಿದಾಕಿ?"

"ಒದರಿದಾಕೀನ."

ಮತ್ತೊಮ್ಮೆ ಹಚ್ಚು ಎಂದಳು. ನಿಂತೇ ಕೇಳಿದಳು, ಒದರುವ ತನಕ. "ಹಾಡೋದು ಅಕ್ಕನಂಗ ಐತಿ," ಎಂದಳು ನಿಧಾನವಾಗಿ. "ಒದರೋದು ಮಾತ್ರ ಖರೇನ ನಾನ."

ಸಂಜೆ ಸೀರೆ ಬದಲಿಸಿ ತಾಳ ಹುಡುಕಿ ತೆಗೆದಳು. ಭಜನೆಗೆ ಹೊರಟವಳು ಹೊಸ್ತಿಲಲ್ಲಿ ತಿರುಗಿದಳು.

"ಅವ್ವಾ, ಆ ಒದರಿದ್ದನ್ನ ಈಗ ಕತ್ತರಿಸಿಬಿಡತೇನಿ," ಎಂದೆ.

"ಕತ್ತರಿಸಬ್ಯಾಡ! ಅಕ್ಕ ಬಂದಾಗ ಕೇಳಸೋದೈತಿ. ಅದಿಲ್ಲಾಂದ್ರ ಆಕಿ ‘ಹಾಡಿದಾಕಿ ನಾನ’ ಅಂತಾಳ."