ಭಾವನವರ ಇಟ್ಟಿಗೆ ಪರೀಕ್ಷೆ

ನಮ್ಮ ಭಾವನವರಿಗೆ ತಲೆ ಕೆಟ್ಟಿದೆ ಎಂದು ಶಹಾಬಾದಿನಲ್ಲಿ ಯಾರೂ ಹೇಳುತ್ತಿರಲಿಲ್ಲ. ಎಲ್ಲರಿಗೂ ಗೊತ್ತಿದ್ದದ್ದನ್ನು ಹೇಳುವುದೇನು! ಅವರು ನನ್ನ ಗಂಡನ ಅಣ್ಣ. ಸಿಮೆಂಟು ಕಾರ್ಖಾನೆಯ ಪರೀಕ್ಷಾಲಯದಲ್ಲಿ ನೌಕರಿ. ಉಳಿದ ಗಂಡಸರು ಸಂಜೆ ಕಾಯಿಪಲ್ಲೆ ತಂದರೆ ಇವರು ಇಟ್ಟಿಗೆ ತರುತ್ತಿದ್ದರು!

ಹಿತ್ತಲಲ್ಲಿ ಕಲ್ಲಿದ್ದಲಿನ ಒಲೆ. ಇಟ್ಟಿಗೆಯ ಒಂದು ಮುಖ ಕೆಂಪಗೆ ಕಾಯಬೇಕು; ಆಚೆ ಮುಖಕ್ಕೆ ಎಷ್ಟು ಶಾಖ ದಾಟಿತೆಂದು ತಂತಿ ಸಿಗಿಸಿ, ಶಾಖದ ಅಳತೆ ತೋರಿಸುವ ಮುಳ್ಳಿನ ಡಬ್ಬಿ ನೋಡಿ ಅಳೆಯಬೇಕು. ಕಾರ್ಖಾನೆಯ ಭಟ್ಟಿಯ ಒಳಮೈಗೆ, ಶಾಖ ಹೊರಗೆ ದಾಟದ ಹಾಗೆ ಕೂಡಿಸುವ ಇಟ್ಟಿಗೆಗಳಂತೆ ಅವು.

"ಕಾರ್ಖಾನ್ಯಾಗ ಸುಟ್ಟದ್ದು ಸಾಲವಲ್ತೇನೋ?" ಎಂದರು ಅತ್ತೆ.

"ಅಲ್ಲಿ ದಿನಾ ಬರೇ ಸುಣ್ಣದ ಪರೀಕ್ಷಾ ಅವ್ವಾ. ಇಟ್ಟಿಗಿ ಸರದಿ ಬರೂದೇ ಇಲ್ಲ!"

ಒಂದು ದಿನ ನಮ್ಮೂರ ಹಾಸುಗಲ್ಲನ್ನೇ ಒಲೆಗೆ ಇಟ್ಟರು. ಢಂ! ಕಲ್ಲು ಸಿಡಿದ ಸದ್ದಿಗೆ ಓಣಿಯ ಬಾಗಿಲುಗಳೆಲ್ಲ ಮುಚ್ಚಿಕೊಂಡವು. ಭಾವನವರು ಮಾತ್ರ ಕಲ್ಲಿನ ಮೇಲೆ ಸಿಟ್ಟಾದರು!

ನಗುವ ಕಾಲವೇ ಅದು? ನಿಜಾಮರ ಆಳ್ವಿಕೆಯ ಕೊನೆಯ ವರ್ಷ. ನಿಜಾಮರ ಕಡೆಯ ಬಂದೂಕಿನವರು ಊರೂರು ತಿರುಗುತ್ತಿದ್ದರು. ಬಾಂಬು ಮಾಡುತ್ತಾನೆಂದು ಅನುಮಾನ ಬಂದರೆ ಸಾಕು, ಹಿಡಿದೊಯ್ಯುತ್ತಿದ್ದರು. ಕಾಳಗಿ ಕಡೆಯ ನಮ್ಮ ಬೀಗರೊಬ್ಬರು ಹಾಗೆ ಹೋದವರು ಮರಳಿರಲಿಲ್ಲ. ಆ ಢಂ ಕೇಳಿದ್ದೇ ನಾನು ಓಡಿ ಬೀದಿಬಾಗಿಲ ಅಗಳಿ ಹಾಕಿದೆ.

ಮರುದಿನ ಭಾವನವರಿಗೆ ರಜೆ. ಮಧ್ಯಾಹ್ನ ಬಂದೇ ಬಂದರು: ಒಬ್ಬ ಜಮಾದಾರ, ಇಬ್ಬರು ಬಂದೂಕಿನವರು. ಹಿತ್ತಲಲ್ಲಿ ಒಲೆ ಉರಿಯುತ್ತಿತ್ತು. ಇಟ್ಟಿಗೆಯಿಂದ ತಂತಿಗಳು ಇಳಿಬಿದ್ದಿದ್ದವು. ಅನುಮಾನಕ್ಕೆ ಇನ್ನೇನು ಬೇಕು? ನಾನೂ ಅತ್ತೆಯೂ ಅಡುಗೆಮನೆಯ ಬಾಗಿಲಲ್ಲಿ ಕೈ ಕೈ ಹಿಡಿದು ನಿಂತೆವು.

"ಕ್ಯಾ ಹೈ ಯೇ? ಬಾಂಬ್ ಏನು?" ಜಮಾದಾರ ದೂರದಿಂದಲೇ ಕೇಳಿದ.

"ಇಟ್ಟಿಗಿ ರೀ. ಹಿಂದ ಕೆಂಡ ಅದ, ಮುಂದ ತಣ್ಣಗದ. ಮುಟ್ಟಿ ನೋಡ್ರಿ."

"ನೀವೇ ಮುಟ್ರಿ!"

ಭಾವನವರು ಅಂಗೈಯನ್ನು ಇಟ್ಟಿಗೆಗೆ ಪೂರ್ತಿ ಒತ್ತಿ ನಕ್ಕರು. "ಕೂಡ್ರಿ, ಶಾಖ ಹ್ಯಾಂಗ ಹರೀತದ ಅಂತ ಹೇಳ್ತೀನಿ" ಎಂದು ಪಾಠ ಶುರುಮಾಡಿಯೇಬಿಟ್ಟರು! ಬಂದೂಕಿನವನೊಬ್ಬ ಆಕಳಿಸಿದ. "ಬಸ್, ಬಸ್! ಪಾಗಲ್ ಆದ್ಮಿ!" ಎಂದು ಜಮಾದಾರ ಹೊರಟ. ಆ ಪಾಠಕ್ಕೆ ಹೆದರಿ ಓಡಿದವರಲ್ಲಿ ಅವನೇನೂ ಮೊದಲಿಗನಲ್ಲ!

ಬೂಟಿನ ಸದ್ದು ಓಣಿ ದಾಟಿದ ಮೇಲೆ ಭಾವನವರು ಕೈ ತೆಗೆದರು. ಅಂಗೈ ತುಂಬ ಬೊಬ್ಬೆ.

ಅತ್ತೆ ಅಳುತ್ತ ಆ ಕೈಯನ್ನು ನೀರಲ್ಲಿ ಅದ್ದಿದರು. "ಸುಡಾಕತ್ತಿದ್ರ ಯಾಕ ತೆಗೀಲಿಲ್ಲೋ?"

"ತೆಗದಿದ್ರ ನಂಬ್ತಿರಲಿಲ್ಲವ್ವಾ. ಮನ್ಯಾಗ ನೀವೆಲ್ಲಾ ಇದ್ರಿ." ನನ್ನತ್ತ ತಿರುಗಿದರು. "ತಂಗೀ, ಈ ಇಟ್ಟಿಗಿ ಚಲೋ ಇಲ್ಲ. ಭಟ್ಟಿಗೆ ಹಾಕಬ್ಯಾಡ್ರಿ ಅಂತ ನಾಳೆ ಹೇಳಬೇಕು. ಅದರ ಬಾಜೂಕ ಮಂದಿ ನಿಂತು ಕೆಲಸ ಮಾಡ್ತಾರ."

ಅತ್ತೆ ಮೊಸರನ್ನ ಕಲಸಿ ತಂದು, ಕೂದಲು ನರೆತ ಮಗನ ಬಾಯಿಗೆ ತುತ್ತು ಹಿಡಿದರು. ಭಾವನವರು ಎದುರಾಡದೆ ಬಾಯಿ ತೆರೆದರು.