ಓರಗಿತ್ತಿಗೆ ಬಂದ ಕೃಪಾವರಗಳು

ಬೇರೆ ಊರಿನ ಸಭೆಗಳಲ್ಲಿ ವರ್ಷಕ್ಕೊಮ್ಮೆ ನಗುವಂಥದ್ದು ನಡೆದರೆ, ಅದನ್ನೇ ಮುಂದಿನ ವರ್ಷದವರೆಗೂ ಹೇಳಿಕೊಂಡು ತಿರುಗುತ್ತಾರೆ. ಮಧುಗಿರಿಯ ನಮ್ಮ ಕ್ರೈಸ್ತ ಸಭೆಯಲ್ಲಿ ಆ ಭಾಗ್ಯ ಪ್ರತಿ ಭಾನುವಾರವೂ ಉಂಟು. ಸಾಲದೆ ಬಂದರೆ ವಾರದ ನಡುವೆ ನಮ್ಮ ಮನೆಯಲ್ಲಿ ಉಂಟು.

ಹೋದ ವರ್ಷದ್ದು ಹೇಳುತ್ತೇನೆ. ನಮ್ಮ ಹೆಂಗಸರ ಕೂಟವನ್ನು ನಡೆಸುತ್ತಿದ್ದ, ಹಳ್ಳಿಹಳ್ಳಿಗೆ ಹೋಗಿ ಸತ್ಯವೇದ ಓದಿ ಹೇಳುತ್ತಿದ್ದ ಮುದುಕಿ ಬೈಬಲ್ ಅಮ್ಮನವರು ಮಂಡಿ ನೋವು ತಾಳಲಾರದೆ ಮೈಸೂರಿನ ಮಗಳ ಮನೆಗೆ ಹೊರಟುಹೋದರು. ಸುಗ್ಗಿ ಹಬ್ಬಕ್ಕೆ ತುಮಕೂರಿನಿಂದ ಮಿಷನ್ನಿನ ಮಿಸ್ಸಮ್ಮನವರು ಬಂದು ಆ ಜಾಗಕ್ಕೆ ಒಬ್ಬರನ್ನು ಆರಿಸುತ್ತಾರೆಂದು ಪಾದ್ರಿ ಅಯ್ಯನವರು ಸಾರಿದರು. "ದೇವರು ಒಬ್ಬೊಬ್ಬರಿಗೆ ಒಂದೊಂದು ಕೃಪಾವರ ಕೊಟ್ಟಿದ್ದಾನೆ. ಯಾರನ್ನೂ ಬರಿಗೈಯಲ್ಲಿ ಬಿಟ್ಟಿಲ್ಲ. ಹಬ್ಬದೊಳಗೆ ನಿಮ್ಮ ನಿಮ್ಮ ವರ ಯಾವುದು ಅಂತ ಹುಡುಕಿಕೊಳ್ಳಿ. ಅವತ್ತು ಎದ್ದು ನಿಂತು ಹೇಳಬೇಕಾಗುತ್ತೆ" ಎಂದರು.

ನನಗೆ ಹುಡುಕುವುದಕ್ಕೆ ಏನಿದೆ ಅಂದುಕೊಂಡೆ. ತುಮಕೂರಿನ ಬೋರ್ಡಿಂಗ್ ಸ್ಕೂಲಿನಲ್ಲಿದ್ದು ಹತ್ತನೆಯ ತರಗತಿವರೆಗೆ ಓದಿದವಳು ಆ ಕೂಟದಲ್ಲಿ ನಾನೊಬ್ಬಳೇ. ಸೊಂಟದ ಮೇಲೆ ಮಗುವನ್ನು ಕೂರಿಸಿಕೊಂಡೇ ತಡವರಿಸದೆ ವೇದ ಓದುತ್ತೇನೆ. ಬೈಬಲ್ ಅಮ್ಮನ ಜಾಗ ನನಗಲ್ಲದೆ ಇನ್ನಾರಿಗೆ? ನನ್ನ ಓರಗಿತ್ತಿ ಒಬ್ಬಳು ಇಲ್ಲದಿದ್ದರೆ ಆ ಮಾತು ಅಲ್ಲಿಗೇ ಮುಗಿಯುತ್ತಿತ್ತು.

ಓರಗಿತ್ತಿ ಎಂದರೆ ನನ್ನ ಮೈದುನನ ಹೆಂಡತಿ. ಪಾವಗಡದ ಕಡೆಯವಳು. ಓದಿದ್ದು ನಾಲ್ಕನೇ ಕ್ಲಾಸು. ನನ್ನನ್ನು "ಅಕ್ಕಯ್ಯ" ಎನ್ನುತ್ತಾಳೆ. ಒಂದೇ ಮನೆ, ಒಂದೇ ಒಲೆ, ಇಬ್ಬರಿಗೂ ಒಬ್ಬರೇ ಅತ್ತೆ. ಅವಳು ಒಳ್ಳೆಯವಳು. ನನ್ನ ಕಷ್ಟವೇ ಅದು.

ಹಾಡುವ ವರ

ಬುಧವಾರ ಸಂಜೆ ನಮ್ಮ ಮನೆಯಲ್ಲಿ ಪ್ರಾರ್ಥನೆ. ಓರಗಿತ್ತಿ ಕೀರ್ತನೆ ಎತ್ತಿಕೊಂಡರೆ ಎದುರು ಮನೆಯ ಲಿಂಗಾಯತರ ಯಜಮಾನಿ ಬಿಡಿಸುತ್ತಿದ್ದ ಕಡಲೆಕಾಯಿಯನ್ನು ಮೊರದ ಸಮೇತ ತಂದುಕೊಂಡು ನಮ್ಮ ಹೊಸ್ತಿಲ ಹೊರಗೆ ಕೂರುತ್ತಾರೆ. "ದೇವ್ರು ಯಾರದಾದ್ರೇನು ಕಣಮ್ಮ, ಗಂಟಲು ಚೆನ್ನಾಗೈತೆ" ಎನ್ನುತ್ತಾರೆ.

ಒಂದು ಬುಧವಾರ "ಇವತ್ತು ನಾನು ಎತ್ಕೋತೀನಿ" ಎಂದು ನಾನೇ ಶುರುಮಾಡಿದೆ. ನನ್ನ ಮಗ ತೊಟ್ಟಿಲಲ್ಲಿ ಮಲಗಿದ್ದ. ಯುದ್ಧ ಬಂದ ಮೇಲೆ ಪೆಟ್ರೋಲಿಲ್ಲದೆ ಇದ್ದಿಲಿನಲ್ಲಿ ಓಡುವ ಸಿರಾ ಬಸ್ಸು ನಮ್ಮ ಬಾಗಿಲ ಮುಂದೆಯೇ ಕೆಮ್ಮಿ, ಗುಡುಗಿ, ಹೊಗೆ ಉಗುಳಿ ಹೊರಡುತ್ತದೆ. ಅದಕ್ಕೆ ಎಂದೂ ಎಚ್ಚರಾಗದ ಮಗು, ನಾನು ಎರಡನೆಯ ಚರಣಕ್ಕೆ ಹೋಗುವಷ್ಟರಲ್ಲಿ ಕಿರುಚಿಕೊಂಡು ಎದ್ದಿತು. ಓರಗಿತ್ತಿ ಎತ್ತಿಕೊಂಡು ಅದೇ ಚರಣವನ್ನು ಮೆಲ್ಲಗೆ ಗುನುಗಿದಳು. ಮಲಗಿಬಿಟ್ಟಿತು. ಹೆತ್ತವಳು ನಾನು. ತಿರುಗಿ ನೋಡಿದರೆ ಹೊಸ್ತಿಲ ಹೊರಗೆ ಮೊರವೂ ಇರಲಿಲ್ಲ, ಎದುರು ಮನೆಯವರೂ ಇರಲಿಲ್ಲ.

"ನನಗೆ ಹಾಡೋ ವರ ಇಲ್ಲ ಅಂತ ಕಾಣುತ್ತೆ" ಎಂದು ಅತ್ತೆಯ ಮುಂದೆ ಮುಖ ಸಣ್ಣಗೆ ಮಾಡಿಕೊಂಡೆ.

"ಬೇಜಾರು ಮಾಡ್ಕೋಬೇಡ ಕಣಮ್ಮ" ಎಂದರು ಅತ್ತೆ. "ಮಲಗಿರೋರ್ನ ಎಬ್ಸೋದೂ ಒಂದು ವರಾನೆ. ದೇವ್ರು ಹುಂಜಕ್ಕೂ ಕೊಟ್ಟವ್ನೆ."

ಗುಣಪಡಿಸುವ ವರ

ಅಯ್ಯನವರಿಗೆ ಕೆಮ್ಮು ಬಂತು. ಓರಗಿತ್ತಿ ಶುಂಠಿ ಕಷಾಯ ಕಾಯಿಸಿ, ಲೋಟದ ಮುಂದೆ ಕಣ್ಣುಮುಚ್ಚಿ ಎರಡು ಮಾತು ಪ್ರಾರ್ಥಿಸಿ ಕಳಿಸಿದಳು. ಆ ಭಾನುವಾರ ಅಯ್ಯನವರು ಒಂದು ಸಲವೂ ಕೆಮ್ಮದೆ ಎಂದಿಗಿಂತ ಉದ್ದದ ಪ್ರಸಂಗ ಮಾಡಿದರು. "ಗುಣಪಡಿಸೋ ವರ ನಿಮ್ಮನೆ ಕಿರಿಯವಳಿಗೇ ಬಂದೈತೆ ಬುಡಿ" ಎಂದು ಕೂಟದವರೆಲ್ಲ ನನಗೇ ಹೇಳಿದರು. ಶುಂಠಿಗೆ ಸಲ್ಲಬೇಕಾದ ಹೆಸರು ಅವಳಿಗೆ ಸಂದಿತು.

ಕಷಾಯವಿಲ್ಲದೆ ಗುಣಪಡಿಸಿ ತೋರಿಸುತ್ತೇನೆಂದು ತೀರ್ಮಾನ ಮಾಡಿದೆ. ಕೊರಟಗೆರೆಯಲ್ಲಿ ನಮ್ಮ ಸಭೆಯ ಒಬ್ಬ ಅಜ್ಜಿಗೆ ಸೊಂಟ ಹಿಡಿದಿತ್ತು. ಮಗುವನ್ನು ಅತ್ತೆಗೆ ಒಪ್ಪಿಸಿ ಬಸ್ಸು ಹತ್ತಿದೆ. ಅಜ್ಜಿಯನ್ನು ಚಾಪೆಯ ಮೇಲೆ ಮಗ್ಗುಲಾಗಿ ಮಲಗಿಸಿ, ತಣ್ಣನೆಯ ನೆಲದ ಮೇಲೆ ಮೊಣಕಾಲೂರಿ, ಅವಳ ಸೊಂಟದ ಮೇಲೆ ಕೈಯಿಟ್ಟು ಪ್ರಾರ್ಥನೆಗೆ ತೊಡಗಿದೆ. ಬೋರ್ಡಿಂಗಿನಲ್ಲಿ ಕಲಿತ ಒಳ್ಳೆಯ ಕನ್ನಡದಲ್ಲಿ ಆದಾಮನಿಂದ ಹಿಡಿದೆ. ಮೋಶೆಯ ಹತ್ತಿರ ಬರುವಾಗ ಅಜ್ಜಿಯ ಗೊರಕೆ ಕೇಳಿಸಿತು. ಬಿಡಲಿಲ್ಲ, ದಾವೀದನನ್ನೂ ದಾಟಿ, ಪ್ರವಾದಿಗಳನ್ನೆಲ್ಲ ಮುಗಿಸಿ ಆಮೆನ್ ಎಂದೆ.

ಅಜ್ಜಿ ಎದ್ದು ಕೂತಳು. "ಒಳ್ಳೆ ನಿದ್ದೆ ಬಂತು ಕಣವ್ವ. ನೋವೂ ವಸಿ ಇಳಿದಂಗೈತೆ" ಎಂದಳು. ನಾನು ಹಿಗ್ಗಿ ಏಳಲು ಹೋದೆ. ನಾನು ಎದ್ದೆ, ಸೊಂಟ ಏಳಲಿಲ್ಲ. ಕಾಲು ಜೋಮು ಹಿಡಿದು, ಬೆನ್ನು ಬಾಗಿದ ಹಾಗೆಯೇ ನಿಂತಿತು. ಅಜ್ಜಿಯೇ ಹರಳೆಣ್ಣೆ ಬಿಸಿ ಮಾಡಿ ತಂದು ತಿಕ್ಕಿ, ತನ್ನ ಊರುಗೋಲನ್ನು ನನ್ನ ಕೈಗೆ ಕೊಟ್ಟು, ರೆಟ್ಟೆ ಹಿಡಿದು ನಡೆಸಿಕೊಂಡು ಬಂದು ಬಸ್ಸು ಹತ್ತಿಸಿದಳು.

ಮುಂದಿನ ಭಾನುವಾರ ಅಯ್ಯನವರು ಪೀಠದ ಮೇಲಿಂದ ಹೇಳಿದರು: "ಗುಣಪಡಿಸುವ ವರ ಕೊರಟಗೆರೆಯಲ್ಲೂ ಕಾಣಿಸಿಕೊಂಡಿದೆ. ಒಬ್ಬ ವೃದ್ಧ ತಾಯಿ, ಸೊಂಟ ಹಿಡಿದ ಸಹೋದರಿಯನ್ನು ಎಬ್ಬಿಸಿ ನಡೆಸಿದ್ದಾಳೆ."

ನಾನಾ ಭಾಷೆಗಳ ವರ

ಅಯ್ಯನವರು ಮನೆ ಮನೆಗೆ ಬಂದು ಒಂದೊಂದೇ ವರವನ್ನು ವಿವರಿಸುತ್ತಿದ್ದರು. ನಾನಾ ಭಾಷೆಗಳನ್ನಾಡುವ ವರ ಎಂದು ಬಾಯಿ ತೆರೆದಿದ್ದೇ ತಡ, ಅತ್ತೆ ನಡುವೆ ಬಂದರು.

"ಅದು ನಮ್ಮ ಕಿರೀಸೊಸೆಗೆ ಐತೆ ಅಯ್ಯನೋರೆ. ಮೊನ್ನೆ ಸಿರಾ ಸಂತೇಲಿ ನೋಡ್ದೆ. ಕಡಲೆಕಾಯಿ ಮಾರೋನ ಹತ್ರ ತೆಲುಗು, ಬಳೆ ಸಾಬರ ಹತ್ರ ಉರ್ದು, ನನ್ನ ಹತ್ರ ಕನ್ನಡ. ಬಳೆ ಸಾಬರು ಇವಳ ಮಾತು ಕೇಳಿ, ತಾವೇ ನಿಧಾನವಾಗಿ, ಒಂದೂ ಒಡೀದಂಗೆ ತೊಡಿಸಿ ಕಳಿಸಿದ್ರು."

ನಾನು ನನ್ನ ಬಳೆಗಳನ್ನು ಸೆರಗಿನೊಳಗೆ ಎಳೆದುಕೊಂಡೆ. ನನಗೆ ತೊಡಿಸುವಾಗ ಮೂರು ಒಡೆದಿದ್ದವು.

"ಅದು ಕಲಿತ ಭಾಷೆ ಅಮ್ಮ" ಎಂದು ಅಯ್ಯನವರು ಸಮಾಧಾನವಾಗಿ ಹೇಳಿದರು. "ವರ ಅಂದರೆ ಕಲಿಯದೆ ಬರೋದು. ಆವೇಶ ಬಂದಾಗ ತಾನಾಗಿ ಬಾಯಿಂದ ಹೊರಡುತ್ತೆ. ಕೇಳಿದವರಿಗೆ ಒಂದು ಮಾತೂ ಅರ್ಥವಾಗೋದಿಲ್ಲ."

ಅತ್ತೆ ನನ್ನ ಕಡೆ ತಿರುಗಿದರು. "ಅಂಗಾದ್ರೆ ಅದು ಹಿರೀಸೊಸೆಗೆ ಐತೆ ಬುಡಿ. ಅವಳ ಗಂಡ ಹೊತ್ತು ಮೀರಿ ಮನೆಗೆ ಬಂದ ದಿನ ಬತ್ತೈತೆ."

ದಾನದ ವರ

ನಮ್ಮ ಸಭೆಯಲ್ಲೊಂದು ಪದ್ಧತಿ. ಅಡಿಗೆ ಮಾಡುವ ಹೆಂಗಸು ಹಿಟ್ಟು ಅಳೆದುಕೊಂಡ ಮೇಲೆ, ಅದರಿಂದ ಒಂದು ಹಿಡಿ ತೆಗೆದು ಒಲೆಯ ಪಕ್ಕದ ಮಡಕೆಗೆ ಹಾಕಬೇಕು. ಅದು ದೇವರ ಹಿಡಿ. ತಿಂಗಳ ಕೊನೆಗೆ ಮಡಕೆಯನ್ನು ದೇವಾಲಯಕ್ಕೆ ಒಯ್ದರೆ ಅಯ್ಯನವರು ಅದನ್ನು ಸಭೆಯ ಬಡವರಿಗೆ ಹಂಚುತ್ತಾರೆ. ನಮ್ಮ ಮನೆಯಲ್ಲಿ ಬೆಳಗಿನ ಅಡಿಗೆ ನನ್ನದು, ಸಂಜೆಯದು ಓರಗಿತ್ತಿಯದು. ಮಡಕೆ ಒಂದೇ.

ಒಂದು ಸಂಜೆ ಅವಳು ಹಿಡಿ ಹಾಕುವುದನ್ನು ನೋಡಿದೆ. ಅವಳ ಅಂಗೈ ದೊಡ್ಡದು. ನನ್ನ ಹಿಡಿಗಿಂತ ತುಂಬಿಕೊಂಡಿತ್ತು. ಮಾರನೆಯ ಬೆಳಿಗ್ಗೆ ನಾನು ಒಂದಕ್ಕೆ ಇನ್ನೊಂದು ಸೇರಿಸಿ ಹಾಕಿದೆ. ಸಂಜೆ ಅವಳು ಮಡಕೆಗೆ ಬಗ್ಗಿ ನೋಡಿ, ಬೊಗಸೆಯಲ್ಲೇ ಹಾಕಿದಳು. ನಾನೂ ಬೊಗಸೆಗೆ ಇಳಿದೆ.

"ಅಕ್ಕಯ್ಯ, ಈ ಸಲ ಮಡಕೆ ಬೇಗ ತುಂಬ್ತಾ ಐತೆ" ಎಂದಳು.

"ದೇವರ ಆಶೀರ್ವಾದ" ಎಂದೆ.

ನಮ್ಮ ಯಜಮಾನರು ತಟ್ಟೆ ನೋಡಿ, "ಇದೇನೇ, ಮುದ್ದೆ ನಿಂಬೆಹಣ್ಣಿನಷ್ಟಾಗಿದೆ?" ಎಂದರು.

"ಯುದ್ಧ" ಎಂದೆ.

ತಿಂಗಳ ಕೊನೆಗೆ ಅಣ್ಣತಮ್ಮ ಇಬ್ಬರೂ ಸೇರಿ ಮಡಕೆಯನ್ನು ಹೊತ್ತುಕೊಂಡು ಹೋದರು. ಸಭೆಯೆಲ್ಲ ತಿರುಗಿ ನೋಡಿತು. ಇಬ್ಬರು ಸೊಸೆಯರೂ ತಲೆ ತಗ್ಗಿಸಿ ಹಿಂದೆ ನಡೆದೆವು. ಮಾರನೆಯ ದಿನ ಅತ್ತೆ ಹಿಟ್ಟಿನ ಡಬ್ಬಕ್ಕೆ ಕೈಹಾಕಿದರೆ ತಳ ಸಿಕ್ಕಿತು. ರಾಗಿ ತುಂಬಿಡುವ ವಾಡೆಯಲ್ಲಿ ನೋಡಿದರೆ ಅಲ್ಲೂ ತಳ. ಹೊಸ ರಾಗಿ ಇನ್ನೂ ಹೊಲದಲ್ಲಿತ್ತು. ಕಂಟ್ರೋಲಿನ ಕಾಲ, ಅಂಗಡಿಯಲ್ಲಿ ಕೇಳಿದರೆ ಸಿಗುವುದಲ್ಲ. ಆ ದಿನ ಒಲೆ ಹೊತ್ತಲಿಲ್ಲ.

ಹೊಗೆ ಕಾಣದ್ದು ಊರಿಗೆಲ್ಲ ತಿಳಿಯಿತು. ಸಂಜೆಗೆ ಪಾದ್ರಿ ಅಮ್ಮನವರು ಮೊರವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದರು. "ಅಯ್ಯನವರು ಕಳಿಸಿದರು. ನಾಚಿಕೆ ಪಡಬೇಡಿ. ಈ ಸಲ ಬಡವರ ಪಾಲು ಮೊದಲು ನಿಮ್ಮ ಮನೆಗೆ" ಎಂದು ಮೆಲ್ಲಗೆ ಹೇಳಿ ಇಟ್ಟುಹೋದರು.

ಅತ್ತೆ ಚಿಟಿಕೆ ಹಿಟ್ಟು ತೆಗೆದು ಮೂಸಿದರು. "ಮೆಂತ್ಯ ಹಾಕಿ ಬೀಸಿದ್ದು ನಾನೇ" ಎಂದರು. ನಮ್ಮಿಬ್ಬರ ಮುಖವನ್ನೂ ನೋಡಿದರು. "ತಕ್ಕಳ್ರವ್ವ. ಕೊಟ್ಟೋರೂ ನೀವೇ, ಈಸ್ಕೊಂಡೋರೂ ನೀವೇ. ನಡುವೆ ಉಪಾಸ ಇದ್ದೋಳು ಮಾತ್ರ ನಾನು."

ಪಕ್ಕದವಳ ವರ

ಸುಗ್ಗಿ ಹಬ್ಬ ಬಂತು. ದೇವಾಲಯದ ಬಾಗಿಲಿಗೆ ಜೋಳದ ದಂಟು ಕಟ್ಟಿದ್ದರು. ಒಳಗೆ ರಾಗಿ ತೆನೆ, ಕುಂಬಳಕಾಯಿ, ವೈ.ಎನ್.ಹೊಸಕೋಟೆಯ ಕಡೆಯವರು ತಂದ ಕಡಲೆಕಾಯಿಯ ರಾಶಿ. ಮಿಸ್ಸಮ್ಮನವರು ಬಂದು ಮುಂದಿನ ಕುರ್ಚಿಯಲ್ಲಿ ಕೂತರು. ನನಗೆ ಬೋಧಿಸುವ ವರ ಇದೆಯೆಂದು ಹೇಳಿಕೊಳ್ಳುವ ಮಾತುಗಳನ್ನು ರುಬ್ಬುವ ಕಲ್ಲಿನ ಮುಂದೆ ಕೂತು ಚೆನ್ನಾಗಿ ಹದ ಮಾಡಿಕೊಂಡಿದ್ದೆ.

ಮಿಸ್ಸಮ್ಮನವರು ಅದೆಲ್ಲವನ್ನೂ ಒಂದೇ ಮಾತಿನಲ್ಲಿ ಕೆಡಿಸಿದರು. "ನಮ್ಮ ವರವನ್ನು ನಾವೇ ಹೇಳಿಕೊಂಡರೆ ಚೆನ್ನಾಗಿರುವುದಿಲ್ಲ. ಇಬ್ಬಿಬ್ಬರು ಜೊತೆಯಾಗಿ. ಇವಳ ವರವನ್ನು ಅವಳು ಹೇಳಲಿ, ಅವಳದ್ದನ್ನು ಇವಳು ಹೇಳಲಿ."

ನನ್ನ ಪಕ್ಕದಲ್ಲಿ ಯಾರು ಕೂತಿದ್ದರೆಂದು ಬೇರೆ ಹೇಳಬೇಕಾಗಿಲ್ಲ.

ಮುಂದಿನ ಸಾಲಿನವಳು ಎದ್ದು, "ಇವಳು ಹಾಕಿದ ಉಪ್ಪಿನಕಾಯಿ ಕೆಡೋದೇ ಇಲ್ಲ" ಎಂದು ಕೂತಳು. ನಮ್ಮ ಸರದಿ ಬಂತು. ನಾನು ಲೆಕ್ಕ ಹಾಕಿದ್ದೆ. ಮಿಸ್ಸಮ್ಮನವರಿಗೆ ದೊಡ್ಡ ಮನಸ್ಸಿನವರೆಂದರೆ ಇಷ್ಟ. ನಾನು ಓರಗಿತ್ತಿಯ ಬಗ್ಗೆ ಎರಡು ಒಳ್ಳೆಯ ಮಾತು ಆಡಿದರೆ, ಅವಳು ಮರ್ಯಾದೆಗಾದರೂ ನನ್ನ ಬಗ್ಗೆ ನಾಲ್ಕು ಆಡಲೇಬೇಕು. ಮಗುವನ್ನು ಅವಳ ಮಡಿಲಿಗೆ ಹಾಕಿ ಎದ್ದು ನಿಂತೆ.

"ಇವಳು ಚೆನ್ನಾಗಿ ಹಾಡ್ತಾಳೆ" ಎಂದೆ. ಅಲ್ಲಿಗೆ ಕೂರಬೇಕೆಂದಿದ್ದೆ. ಆದರೆ ವರ್ಷದಿಂದ ಹೊಟ್ಟೆಯೊಳಗೆ ಕುದಿಸಿಟ್ಟಿದ್ದು ಉಕ್ಕಿ ಬಂತು. "ಹಾಡೋದೊಂದೇ ಅಲ್ಲ. ಇವಳು ಇಟ್ಟ ಅನ್ನ ಒಂದು ದಿನವೂ ತಳ ಹಿಡಿಯೋದಿಲ್ಲ. ಬೀದೀಲಿ ಯಾರು ಉಂಡಿಲ್ಲ ಅನ್ನೋದು ಮುಖ ನೋಡಿದ್ರೆ ಇವಳಿಗೆ ಗೊತ್ತಾಗುತ್ತೆ. ನಾನು ಬಾಯಿಗೆ ಬಂದಂಗೆ ಅಂದ್ರೆ ತಿರುಗಿ ಮಾತಾಡೋದಿಲ್ಲ, ಮಜ್ಜಿಗೆ ತಂದು ಕೊಡ್ತಾಳೆ. ಒಂದು ದಿನವಾದ್ರೂ ಜಗಳ ಆಡ್ಲಿ ಅಂತ ಕಾದೆ, ಆಡ್ಲಿಲ್ಲ. ವೇದಾನ ಬೆರಳಿಟ್ಟು ಕೂಡಿಸಿ ಕೂಡಿಸಿ ಓದ್ತಾಳೆ, ಆದ್ರೂ ಕೇಳಿದೋರು ಅಳ್ತಾರೆ. ನಾನು ನೀರು ಹರಿದಂಗೆ ಓದ್ತೀನಿ, ಒಬ್ರೂ ಅಳಲ್ಲ. ಅತ್ತೆ ಕಾಲು ನೋವು ಅನ್ನೋಕೆ ಮುಂಚೆ ಇವಳು ಎಣ್ಣೆ ಹಿಡ್ಕೊಂಡು ಬಂದಿರ್ತಾಳೆ. ಎಲ್ಲ ವರಾನೂ ಇವಳೊಬ್ಬಳಿಗೇ ಯಾಕೆ ಕೊಟ್ಟ ಅಂತ ದೇವರನ್ನ ಕೇಳ್ತಾನೇ ಇದೀನಿ."

ಜಗಳಕ್ಕೆ ನಿಂತ ಗಂಟಲಿನಲ್ಲೇ ಅಷ್ಟನ್ನೂ ಹೇಳಿದೆ. ಸಿಟ್ಟಿಗೆ ಕಣ್ಣಲ್ಲಿ ನೀರು ಬಂದಿತ್ತು. ಅಯ್ಯನವರು ಅಂಗವಸ್ತ್ರದಿಂದ ಕಣ್ಣೊರಸಿಕೊಂಡರು. ಮಿಸ್ಸಮ್ಮನವರ ಮೂಗು ಕೆಂಪಾಗಿತ್ತು. "ನಾನು ಬಹಳ ಊರು ನೋಡಿದ್ದೇನೆ. ಹೊಟ್ಟೆಕಿಚ್ಚು ಎಂಬುದೇ ಇಲ್ಲದ ಇಂಥ ಕಣ್ಣನ್ನು ಎಲ್ಲೂ ನೋಡಿಲ್ಲ" ಎಂದರು. ಹಿಂದಿನ ಸಾಲಿನಲ್ಲಿ ಅತ್ತೆಗೆ ಕೆಮ್ಮು ಹತ್ತಿ, ಯಾರೋ ನೀರು ತಂದುಕೊಡಬೇಕಾಯಿತು.

ಈಗ ಓರಗಿತ್ತಿಯ ಸರದಿ. ನಾನು ಸೆರಗು ಸರಿಮಾಡಿಕೊಂಡು, ಹೊಗಳಿಸಿಕೊಳ್ಳುವವರು ಕೂರುವ ಹಾಗೆ ತಲೆ ತಗ್ಗಿಸಿ ಕೂತೆ. ಅವಳು ಎದ್ದಳು. ನನ್ನನ್ನೇ ನೋಡಿದಳು. ಅವಳ ಕಣ್ಣೂ ತುಂಬಿತ್ತು. ಗಂಟಲು ಸರಿಮಾಡಿಕೊಂಡು ಮಿಸ್ಸಮ್ಮನವರ ಕಡೆ ತಿರುಗಿದಳು.

"ಅಕ್ಕಯ್ಯ ಹೇಳಿದ್ದೆಲ್ಲ ನಿಜ" ಎಂದಳು. ಕೂತಳು.

ಬೈಬಲ್ ಅಮ್ಮನ ಜಾಗ ಅವಳದಾಯಿತು. ಬೇರೆಯವರ ಹೆಸರನ್ನು ಯಾರೂ ಎತ್ತಲಿಲ್ಲ. ಎತ್ತಲು ನಾನು ಯಾವ ವರವನ್ನೂ ಉಳಿಸಿರಲಿಲ್ಲ. "ಇವರು ಹಳ್ಳಿಗಳಿಗೆ ಹೋದಾಗ ಜೊತೆಗೊಬ್ಬರು ಬೇಕು. ಇವರು ಎಂಥವರು ಅಂತ ಜನರಿಗೆ ಮೊದಲು ತಿಳಿಸಬೇಕಲ್ಲ" ಎಂದು ಮಿಸ್ಸಮ್ಮನವರು ಹೇಳಿದರು. ಯಾರು ಬರುತ್ತೀರಿ ಎಂದು ಕೇಳಲಿಲ್ಲ. ನನ್ನನ್ನು ನೋಡಿ ನಕ್ಕರು, ಅಷ್ಟೆ. ಸಭೆಯೆಲ್ಲ ಆಮೆನ್ ಎಂದಿತು.

ಈಗ ನಾವಿಬ್ಬರೂ ಬರಗೂರಿಗೋ ಹೊಸಕೋಟೆಗೋ ಹೋಗುತ್ತೇವೆ. ಕಂಕುಳಲ್ಲಿ ಮಗು, ಹೆಗಲ ಮೇಲೆ ಚಾಪೆ ನನ್ನದು. ಜನ ಸೇರಿದ ಮೇಲೆ ಮೊದಲು ನಾನು ಎದ್ದು ನನ್ನ ಓರಗಿತ್ತಿಯ ವರಗಳನ್ನು ಒಂದೊಂದಾಗಿ ಹೇಳುತ್ತೇನೆ. ಬೇಗ ಮುಗಿಸಿ ಕೂರೋಣವೆಂದರೆ ಅವಳು ಹಿಂದಿನಿಂದ ಸೆರಗು ಜಗ್ಗುತ್ತಾಳೆ.

"ಅಕ್ಕಯ್ಯ, ಮಜ್ಜಿಗೇದು ಬಿಟ್ಟೆ."